ಚಹಾದ ಗುಂಡಿ

ನಮ್ಮ ಭಾವನಿಗೆ ತಲೆ ಸರಿ ಇರಲಿಲ್ಲ ಎಂದು ಕೊಟ್ಟೂರಿನಲ್ಲಿ ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ತಲೆ ಸರಿಯಾಗಿಯೇ ಇತ್ತು. ಅಂಗಿಗೆ ಗುಂಡಿ ಇರಲಿಲ್ಲ, ಅಷ್ಟೆ.

ಭಾವ ಎಂದರೆ ನನ್ನ ಸೋದರಮಾವನ ಮಗ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಬೇಸರಿಸಬೇಡಿ. ನಾನು ಬಹುವಚನ ಕೊಟ್ಟಿದ್ದರೆ ಇನ್ಯಾರನ್ನೋ ಕರೆಯುತ್ತಿದ್ದಾಳೆಂದು ಅವನು ಹಿಂದೆ ತಿರುಗಿ ನೋಡುತ್ತಿದ್ದ. ಹೆಸರು ಮಾತ್ರ ಹೇಳುವುದಿಲ್ಲ. ನನ್ನ ಯಜಮಾನರ ಹೆಸರನ್ನು ಅತ್ತೆಯ ಎದುರಿಗೇ ಠಸ್ಸೆ ಒತ್ತಿದ ಹಾಗೆ ಹೇಳುತ್ತಿದ್ದವಳು ನಾನು, ಕಾನ್ವೆಂಟಿನ ಧೈರ್ಯ. ಇವನ ಹೆಸರು ಏಕೋ ನಾಲಿಗೆಗೆ ಬರುವುದಿಲ್ಲ. ಡೋಂಟ್ ಆಸ್ಕ್ ಮಿ ವೈ.

ಗುಂಡಿಯ ವಿಷಯಕ್ಕೆ ಬರುತ್ತೇನೆ. ಪ್ರಾಯದಲ್ಲಿ ಅವನು ಸಂಡೂರಿನ ಕಡೆಯ ಅದಿರಿನ ಗಣಿಯೊಂದರಲ್ಲಿ ಸರ್ವೇಯರ್ ಆಗಿದ್ದ. ಅದಿರು ನೋಡಲು ಬಂದ ಜಪಾನಿ ಇಂಜಿನಿಯರೊಬ್ಬರು ಅಲ್ಲಿನ ಗೆಸ್ಟ್ ಹೌಸಿನಲ್ಲಿ ಮೂರು ತಿಂಗಳು ಉಳಿದರು. ಅವರಿಗೆ ಕನ್ನಡ ಬಾರದು, ಇವನಿಗೆ ಜಪಾನಿ ಬಾರದು, ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಮಾತಿಲ್ಲದ ಇಬ್ಬರು ಗಂಡಸರು ಸಂಜೆ ಹೊತ್ತು ಏನು ಮಾಡಬೇಕು? ಆಡಿದರು. ಆಟದ ಹೆಸರು ಗೋ. ಹತ್ತೊಂಬತ್ತು ಗೆರೆ ಅಡ್ಡ, ಹತ್ತೊಂಬತ್ತು ಗೆರೆ ಉದ್ದ. ಗೆರೆಗಳು ಕೂಡುವಲ್ಲಿ ಒಬ್ಬರು ಕರಿ ಕಲ್ಲು ಇಡಬೇಕು, ಒಬ್ಬರು ಬಿಳಿ. ಇಟ್ಟ ಕಲ್ಲನ್ನು ಜರುಗಿಸುವಂತಿಲ್ಲ. ಹೆಚ್ಚು ಜಾಗ ಸುತ್ತುಗಟ್ಟಿದವರು ಗೆದ್ದರು.

ಗಣಿ ಬಿಟ್ಟು ಊರಿಗೆ ಬಂದವನು ಕೇರಂ ಬೋರ್ಡಿನ ಬೆನ್ನಿಗೆ ಗೆರೆ ಎಳೆದ. ಕರಿ ಕಲ್ಲಿಗೆ ಹುಣಸೆ ಬೀಜ. ಕೂಡ್ಲಿಗಿ ಸೀಮೆಯಲ್ಲಿ ಅದಕ್ಕೇನು ಕೊರತೆ? ಬಿಳಿ ಕಲ್ಲು ನೂರ ಎಂಬತ್ತು ಬೇಕು. ಟ್ರಂಕಿನಲ್ಲಿದ್ದ ಅಂಗಿಗಳ ಗುಂಡಿಗಳನ್ನೆಲ್ಲ ಕತ್ತರಿಸಿದ. ಸಾಲಲಿಲ್ಲ. ಮೈಮೇಲಿದ್ದ ಅಂಗಿಯವನ್ನೂ ಕತ್ತರಿಸಿದ. ಅಂದಿನಿಂದ ಎದೆಯ ತುಂಬ ಸೇಫ್ಟಿ ಪಿನ್ನು. ಮದುವೆ ಮನೆಯಲ್ಲಿ ಪ್ರೀತಿಯಿಂದ ಅಪ್ಪಿಕೊಂಡ ಬೀಗರೊಬ್ಬರು ‘ಅಯ್ಯಯ್ಯೋ’ ಎಂದು ಹಿಂದೆ ಹಾರಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಬೋರ್ಡನ್ನು ಕಟ್ಟೆಯ ಮೇಲಿಟ್ಟು ಓಣಿಗೆಲ್ಲ ಆಟ ಕಲಿಸಲು ಹೊರಟ. ಮೊದಲು ಬಂದವಳು ಎದುರು ಮನೆಯ ನೀಲವ್ವ.

‘ಇದ್ರಾಗ ಹುಲಿ ಯಾವ್ದ್ರಿ ಅಣ್ಣಾರ?’

‘ಹುಲಿ ಇಲ್ಲವಾ.’

‘ಮತ್ತ ಕುರಿ?’

‘ಕುರಿನೂ ಇಲ್ಲ. ಜಾಗ ಸುತ್ತುಗಟ್ಟೋದು ಅಷ್ಟ.’

ನೀಲವ್ವ ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ನೋಡಿದಳು. ‘ಅಂದ್ರ, ಬಾಜೂ ಹೊಲದವರ ಬದು ಒತ್ತೋದು. ಅದಕ್ಕ ಜಪಾನಿನವರು ಯಾಕ ಬೇಕಿತ್ರಿ? ನಮ್ಮ ಮೈದುನ ಕಲಿಸ್ತಿದ್ದ.’

ಹೀಗೆ ಊರು ಕೈಬಿಟ್ಟ ಮೇಲೆ ಅವನಿಗೆ ಉಳಿದವಳು ನಾನೊಬ್ಬಳೇ. ಅದಕ್ಕೂ ಒಂದು ಹಿಂದಿನ ಕಥೆ ಇದೆ.

ನಮ್ಮಿಬ್ಬರಿಗೂ ಚಿಕ್ಕಂದಿನಲ್ಲೇ ಮದುವೆಯ ಮಾತಾಗಿತ್ತು. ಸೋದರಮಾವನ ಮಗ, ಕೇಳುವುದೇನು? ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದು ಮುಗಿಸಿ, ಕೈಯಲ್ಲಿ ನೀಡಲ್‌ವರ್ಕಿನ ಸರ್ಟಿಫಿಕೇಟು, ಬಾಯಲ್ಲಿ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷು ಹಿಡಿದುಕೊಂಡು ಬಂದೆ. ಇವನು ‘ಬ್ಯಾಡ’ ಎಂದ. ಕಾರಣ ಹೇಳಲಿಲ್ಲ. ಗಣಿಗೆ ಹೊರಟುಹೋದ. ನನ್ನನ್ನು ಹರಪನಹಳ್ಳಿಗೆ ಕೊಟ್ಟರು. ಒಳ್ಳೆಯ ಮನೆ, ಒಳ್ಳೆಯ ಮನುಷ್ಯ; ನೋ ಕಂಪ್ಲೇಂಟ್ಸ್. ಕೊಟ್ಟೂರಿನಿಂದ ಹರಪನಹಳ್ಳಿ ಎಷ್ಟು ದೂರ? ಬಸ್ಸಿನಲ್ಲಿ ಒಂದು ನಿದ್ದೆ. ಮೂವತ್ತು ವರ್ಷದಲ್ಲಿ ಭಾವ ಒಮ್ಮೆಯೂ ಬರಲಿಲ್ಲ. ‘ಬಂದು ಒಂದು ಕಪ್ ಚಹಾ ಕುಡಿದು ಹೋಗು’ ಎಂದು ಹೇಳಿ ಕಳಿಸಿದಾಗಲೆಲ್ಲ ‘ಬಸ್ ಹತ್ತಿದ್ರ ತಲಿ ತಿರುಗ್ತೈತಿ’ ಎಂಬ ಉತ್ತರ ಬರುತ್ತಿತ್ತು. ಹಡಗಲಿಗೆ ಹೋಗುವಾಗ, ಕೂಡ್ಲಿಗಿಗೆ ಹೋಗುವಾಗ ತಿರುಗದ ತಲೆ ಹರಪನಹಳ್ಳಿಯ ರಸ್ತೆಯಲ್ಲಿ ಮಾತ್ರ ತಿರುಗುತ್ತಿತ್ತು. ಮೆಡಿಕಲ್ ಸೈನ್ಸಿಗೇ ಬಿಟ್ಟ ವಿಷಯ.

ಯಜಮಾನರು ಹೋದ ಮೇಲೆ ನಾನು ಕೊಟ್ಟೂರಿಗೆ, ತಮ್ಮನ ಮನೆಗೆ ಬಂದೆ. ಭಾವನ ಮನೆ ಅದೇ ಓಣಿಯಲ್ಲಿ, ಎರಡು ಮನೆ ಆಚೆ. ಮದುವೆಯಾಗದೆ ಒಬ್ಬನೇ ಇದ್ದ. ಬಂದ ಮೂರನೆಯ ದಿನವೇ ಕರೆ ಬಂತು: ‘ಏ ಕಾನ್ವೆಂಟ್, ಖಾಲಿ ಅದಿಯೇನು? ಬಾ ಇಲ್ಲಿ.’

ಆಮೇಲೆ ಇಪ್ಪತ್ತು ವರ್ಷ, ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ಫ್ಲಾಸ್ಕಿನಲ್ಲಿ ಚಹಾ ತೆಗೆದುಕೊಂಡು ಹೋಗುತ್ತಿದ್ದೆ. ಅವನಿಗೆ ಗುಂಡಿ, ನನಗೆ ಹುಣಸೆ ಬೀಜ. ಒಮ್ಮೊಮ್ಮೆ ನಡು ಆಟದಲ್ಲಿ ನನ್ನ ಬೀಜದಿಂದ ಹುಳ ಹೊರಗೆ ಬಂದು ಬೋರ್ಡಿನ ಮೇಲೆ ವಾಕಿಂಗ್ ಹೋಗುತ್ತಿತ್ತು. ‘ನಿನ್ನ ಕಾಳು ತಾನ ನಡಿಯಾಕತ್ತೈತಿ, ಇದು ಮೋಸ’ ಎಂದು ಅವನ ತಕರಾರು.

ಬೋರ್ಡು ಅವನಿಗೆ ಬರೀ ಬೋರ್ಡಲ್ಲ, ಸರ್ವೇ ನಕ್ಷೆ. ನಡುಮಧ್ಯ ಕೊಟ್ಟೂರು. ಮೇಲಿನ ಎಡ ಮೂಲೆ ಹಡಗಲಿ, ಬಲ ಮೂಲೆ ಹಗರಿಬೊಮ್ಮನಹಳ್ಳಿ. ಕೆಳಗೆ ಬಲಕ್ಕೆ ಕೂಡ್ಲಿಗಿ, ಎಡಕ್ಕೆ ಹರಪನಹಳ್ಳಿ. ‘ಕೂಡ್ಲಿಗಿ ಹೋತು ನೋಡು. ಇನ್ನ ಬೊಮ್ಮನಹಳ್ಳಿ ಉಳಿಸ್ಕೋ’ ಎನ್ನುತ್ತಿದ್ದ. ಹೊರಗಿನಿಂದ ಕೇಳಿಸಿಕೊಂಡವರು ಇವರು ತಾಲ್ಲೂಕು ಪಂಚಾಯ್ತಿ ಎಲೆಕ್ಷನ್ನಿನ ಲೆಕ್ಕ ಹಾಕುತ್ತಿದ್ದಾರೆ ಎಂದುಕೊಳ್ಳಬೇಕು.

ನಾಲ್ಕು ಮೂಲೆಗಳಲ್ಲಿ ಹರಪನಹಳ್ಳಿಯಲ್ಲಿ ಮಾತ್ರ ಅವನು ಗುಂಡಿ ಇಡುತ್ತಿರಲಿಲ್ಲ. ಯಾವ ಆಟದಲ್ಲೂ ಇಲ್ಲ. ‘ಅಲ್ಲಿ ಯಾಕ ಆಡಂಗಿಲ್ಲ?’ ಎಂದರೆ ‘ಅದು ನಿನ್ನ ಗಂಡನ ಮನಿ. ನನಗೇನು ಕೆಲಸ ಅಲ್ಲಿ?’ ಎನ್ನುತ್ತಿದ್ದ. ಐ ವಾಸ್ ಫ್ಯೂರಿಯಸ್. ಎದುರಾಳಿ ಒಂದಿಡೀ ಮೂಲೆಯನ್ನು ದಾನ ಕೊಟ್ಟು, ಉಳಿದ ಮೂರರಲ್ಲೇ ಗೆದ್ದು ಕೂಡುವುದೆಂದರೆ ಅದಕ್ಕಿಂತ ಅವಮಾನ ಬೇಕೆ? ಇಪ್ಪತ್ತು ವರ್ಷದಲ್ಲಿ ನಾನು ಒಂದು ಆಟವನ್ನೂ ಗೆಲ್ಲಲಿಲ್ಲ.

ಅವನ ಇನ್ನೊಂದು ಚಾಳಿ ಚಹಾದ ಗುಂಡಿ. ಆಟ ಮುಗಿಯುತ್ತ ಬಂದಿದೆ, ಫ್ಲಾಸ್ಕಿನಲ್ಲಿ ಇನ್ನೂ ಚಹಾ ಇದೆ ಎಂದರೆ ಒಂದು ಗುಂಡಿ ತೆಗೆದು ಹಡಗಲಿಯ ಕಟ್ಟಕಡೆಯ ಮೂಲೆಯಲ್ಲಿ ಇಡುತ್ತಿದ್ದ. ಅಲ್ಲಿ ಇಟ್ಟರೆ ಯಾವ ಜಾಗವೂ ಸಿಗುವುದಿಲ್ಲ, ಬೇರೆ ಯಾವ ಕಲ್ಲಿಗೂ ಆಸರೆಯಾಗುವುದಿಲ್ಲ. ಆಟ ಒಂದು ಸುತ್ತು ಉದ್ದವಾಗುತ್ತದೆ, ಅಷ್ಟೆ.

‘ಇದೇನಿದು?’

‘ಚಾದ ಗುಂಡಿ. ಇನ್ನೊಂದರ್ಧ ಲೋಟ ಹಾಕು. ಮನಿಗಿ ಹೋಗಿ ಏನ್ ಮಾಡಾಕಿ ಅದಿ?’

ಒಂದು ದಿನ ಅರ್ಧ ಲೋಟ ಹಾಕುತ್ತ ಕೇಳಿಯೇಬಿಟ್ಟೆ. ‘ಭಾವ, ಅವತ್ತು ಯಾಕ ಬ್ಯಾಡ ಅಂದಿ?’

ಯಾವತ್ತು ಎಂದು ಅವನು ಕೇಳಲಿಲ್ಲ. ಕೈಯಲ್ಲಿದ್ದ ಗುಂಡಿಯನ್ನು ಬೆರಳಲ್ಲಿ ಉರುಳಿಸುತ್ತ, ‘ಒಂದು ಆಟ ಗೆದ್ದು ಕೇಳು. ಹೇಳ್ತೀನಿ’ ಎಂದ.

ಅಂದಿನಿಂದ ನಾನು ಸೀರಿಯಸ್ ಆಗಿ ಆಡತೊಡಗಿದೆ.

ಇದರ ನಡುವೆಯೇ ಆ ಸುದ್ದಿ ಬಂದದ್ದು. ಕೊರಿಯಾದ ದೊಡ್ಡ ಆಟಗಾರನೊಬ್ಬ ಕಂಪ್ಯೂಟರಿನ ಜೊತೆ ಐದು ಆಟ ಆಡುತ್ತಾನಂತೆ. ನನ್ನ ತಮ್ಮನ ಮಗಳು ಸುಧಾ, ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಲೆಕ್ಚರರ್, ಲ್ಯಾಪ್‌ಟಾಪು ತಂದಿಟ್ಟಳು. ಭಾವ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಹೊಸ ಪಿನ್ನುಗಳನ್ನು ಹಾಕಿಕೊಂಡು ಅದರ ಮುಂದೆ ಕೂತ. ‘ಐದಕ್ಕ ಐದು ನಮ್ಮವಂದ’ ಎಂದ.

ನಮ್ಮವನು ಮೊದಲನೆಯದು ಸೋತ. ಎರಡನೆಯದು ಸೋತ. ಮೂರನೆಯದೂ ಸೋತ ದಿನ ಭಾವ ಒಲೆ ಹಚ್ಚಲಿಲ್ಲ. ತಲೆಯ ಮೇಲೆ ಟವೆಲ್ ಹಾಕಿಕೊಂಡು ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತ. ನಮ್ಮ ಕಡೆ ಹಾಗೆ ಕೂತರೆ ಅದಕ್ಕೆ ಒಂದೇ ಅರ್ಥ. ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರು ಬುತ್ತಿ ಕಟ್ಟಿಕೊಂಡು ಮಾತಾಡಿಸಲು ಹೋಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಏಳು ಮನೆಯ ಬುತ್ತಿ ಬಂತು. ಯಾರು ಹೋದರೆಂದು ಯಾರಿಗೂ ಗೊತ್ತಿಲ್ಲ. ಕೇಳಿ ನೋಯಿಸಬಾರದೆಂದು ಸುಮ್ಮನೆ ಕೂತಿದ್ದಾರೆ. ಕಡೆಗೆ ನೀಲವ್ವನೇ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

‘ವಯಸ್ಸಾಗಿತ್ತೇನ್ರಿ ಅಣ್ಣಾರ?’

‘ಇಲ್ಲವಾ. ಸಣ್ಣಾತ.’

‘ನಮ್ಮ ಪೈಕಿನೇನ್ರಿ?’

‘ಕೊರಿಯಾ.’

ನಾನು ಒಳಗಿನಿಂದ ಓಡಿ ಬಂದು, ಯಾರೂ ಸತ್ತಿಲ್ಲ, ಒಬ್ಬಾತ ಕಂಪ್ಯೂಟರಿಗೆ ಆಟದಲ್ಲಿ ಸೋತಿದ್ದಾನೆ ಅಷ್ಟೆ ಎಂದು ಬಿಡಿಸಿ ಹೇಳಿದೆ. ಬುತ್ತಿ ವಾಪಸ್ ತೆಗೆದುಕೊಂಡು ಹೋಗುತ್ತಾರೆಂದು ನಾಚಿಕೆಯಿಂದ ನಿಂತಿದ್ದೆ. ನೀಲವ್ವ ಗಂಟು ಬಿಚ್ಚಿ ರೊಟ್ಟಿ ಬಡಿಸಿದಳು. ‘ಸತ್ತರ ಅಷ್ಟ ದುಃಖ ಏನ್ರಿ? ಉಣ್ರಿ, ಉಣ್ರಿ.’

ಮರುದಿನ ನಾಲ್ಕನೆಯ ಆಟ. ಕೊರಿಯಾದವನು ಎರಡು ಕಲ್ಲುಗಳ ನಡುವೆ ಯಾರೂ ಎಣಿಸದ ಜಾಗದಲ್ಲಿ ಒಂದು ಕಲ್ಲಿಟ್ಟ. ಕಂಪ್ಯೂಟರು ದಾರಿ ತಪ್ಪಿತು. ಗೆದ್ದ! ಭಾವ ಓಣಿಗೆಲ್ಲ ಮಂಡಕ್ಕಿ-ಮಿರ್ಚಿ ಹಂಚಿದ. ‘ನಿನ್ನಿ ಹೋದಾತ ಇವತ್ತ ಎದ್ದು ಕುಂತನೇನ್ರಿ?’ ಎನ್ನುತ್ತ ನೀಲವ್ವ ಎರಡು ಮಿರ್ಚಿ ಜಾಸ್ತಿ ತೆಗೆದುಕೊಂಡಳು. ಐದನೆಯ ಆಟ ಮತ್ತೆ ಸೋಲು. ಈ ಸಲ ಭಾವ ಟವೆಲ್ ಹಾಕಿಕೊಳ್ಳಲಿಲ್ಲ. ‘ಒಂದು ಗೆದ್ದನಲ್ಲ. ಒಂದು ಸಾಕು’ ಎಂದ. ನಾನು ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ.

ವರ್ಷಗಳು ಕಳೆದವು. ಕಂಪ್ಯೂಟರುಗಳು ಎಷ್ಟು ಬಲಿತವೆಂದರೆ ಈಗ ಯಾವ ಪ್ರೊಫೆಷನಲ್ಲೂ ಅವುಗಳೆದುರು ಗೆಲ್ಲುವ ಆಸೆ ಇಟ್ಟುಕೊಳ್ಳುವುದಿಲ್ಲವಂತೆ. ಸುಧಾ ಅಂಥದ್ದೊಂದನ್ನು ಭಾವನ ಫೋನಿಗೇ ಹಾಕಿಕೊಟ್ಟಳು. ಅವನು ಅದಕ್ಕೆ ಕೈಮುಗಿದು ‘ನೀವು ಆಡ್ರಿ ಮೊದಲು’ ಎಂದ. ಇವನು ಒಂದು ಗಂಟೆ ಯೋಚಿಸಿ ಒಂದು ಕಲ್ಲಿಟ್ಟರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಡುತ್ತಿತ್ತು. ‘ಇಷ್ಟು ಲಗೂನ ಆಡಿದ್ರ ಎದುರಿನವ್ರಿಗೆ ಹೆಂಗಾಗಬೇಕ್ರಿ?’ ಎಂದು ಅದಕ್ಕೇ ಕೇಳಿದ. ಹತ್ತು ಸಲ ಸೋತು ಹನ್ನೊಂದನೆಯದರಲ್ಲಿ ಮೂಲೆಗೆ ಒಂದು ಚಹಾದ ಕಲ್ಲು ಇಟ್ಟು ನೋಡಿದ. ಅದು ಆ ಕಡೆ ತಿರುಗಿಯೂ ನೋಡದೆ ಆಟ ಮುಗಿಸಿತು.

‘ತಗೊಂಡು ಹೋಗು ಸುಧಾ’ ಎಂದ ಭಾವ. ‘ಶಾಣ್ಯಾ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಹತ್ತು ಸಲ ಸೋಲಿಸಿದ್ರೂ ಒಂದು ಸಲನೂ ಹಂಗಿಸಲಿಲ್ಲ. ಇಂಥವರ ಜೋಡಿ ಹೆಂಗ ಬಾಳೇವು ಮಾಡಬೇಕು?’

ಕಡೆಯ ಆಟಕ್ಕೆ ಬರುತ್ತೇನೆ. ಬರದೆ ವಿಧಿಯಿಲ್ಲ.

ಅಂದು ನಾನು ಬಹಳ ಚೆನ್ನಾಗಿ ಆಡಿದ್ದೆ. ಕೂಡ್ಲಿಗಿ ನನ್ನದು, ಹಗರಿಬೊಮ್ಮನಹಳ್ಳಿಯ ಅರ್ಧ ನನ್ನದು, ಹರಪನಹಳ್ಳಿ ಹೇಗೂ ನನ್ನದೇ. ಕೊಟ್ಟೂರಿನಲ್ಲಿ ಅವನ ಗುಂಡಿಗಳಿಗೆ ಉಸಿರುಗಟ್ಟಿತ್ತು. ಸರದಿ ಅವನದು. ಬಹಳ ಹೊತ್ತು ನೋಡಿದ. ಆಮೇಲೆ ‘ನಾಳಿಗಿ ಇಟ್ಕೊಳ್ಳೋಣ’ ಎಂದ. ಆಟ ಅರ್ಧಕ್ಕೆ ನಿಂತರೆ, ಸರದಿ ಯಾರದೋ ಅವರು ತಮ್ಮ ಮುಂದಿನ ಕಲ್ಲಿನ ಜಾಗವನ್ನು ಚೀಟಿಯಲ್ಲಿ ಬರೆದು ಕವರಿನಲ್ಲಿ ಅಂಟಿಸಿಡಬೇಕು. ಜಪಾನಿನವರು ಕಲಿಸಿದ ಶಿಸ್ತು. ಹಳೆಯ ಲಗ್ನಪತ್ರಿಕೆಯ ಕವರು ತೆಗೆದು, ಚೀಟಿ ಹಾಕಿ, ಅನ್ನದ ಅಗಳು ಹಚ್ಚಿ ಅಂಟಿಸಿ, ದೇವರ ಜಗಲಿಯ ಮೇಲೆ ವಿಭೂತಿ ಉಂಡೆಯ ಹಿಂದೆ ಇಟ್ಟ. ಬೋರ್ಡಿನ ಮೇಲೆ ಪುಟ್ಟಿ ಕವುಚಿದ.

ನಾನು ಮನೆಗೆ ಹೇಗೆ ನಡೆದು ಬಂದೆನೋ. ಬಳ್ಳಾರಿಯ ಬೋರ್ಡಿಂಗಿನಿಂದ ರಜೆಗೆ ಬರುವ ಹುಡುಗಿಯ ಹಾಗೆ. ನಾಳೆ ಗೆಲ್ಲುತ್ತೇನೆ, ನಾಳೆ ಕೇಳುತ್ತೇನೆ.

ಬೆಳಿಗ್ಗೆ ಭಾವ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದ. ಏಳು ಮನೆಯ ಬುತ್ತಿ ಬಂತು. ಈ ಸಲ ಯಾರಿಗೂ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

ಬೋರ್ಡನ್ನು ಯಾರಿಗೂ ಮುಟ್ಟಗೊಡದೆ ಹಾಗೇ ಎತ್ತಿ ನನ್ನ ಕೋಣೆಗೆ ತರಿಸಿದೆ. ಕವರನ್ನು ಒಡೆಯಲಿಲ್ಲ. ಒಡೆದರೆ ಸರದಿ ನನ್ನದಾಗುತ್ತದೆ, ನಾನು ಆಡಬೇಕಾಗುತ್ತದೆ, ಆಟ ಮುಗಿಯುತ್ತದೆ. ಒಂದು ವರ್ಷ ಹಾಗೇ ಇಟ್ಟುಕೊಂಡೆ. ಮೊನ್ನೆ ಸುಧಾ ಬಂದಾಗ ನಾನೇ ಹೇಳಿದೆ, ‘ನಿನ್ನ ಮಷಿನಿಗೆ ಇದನ್ನ ತೋರಿಸು.’ ಭಾವ ಪ್ರತಿ ಆಟವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಅದನ್ನು ನೋಡಿಕೊಂಡು ಅವಳು ಒಂದೊಂದೇ ಕಲ್ಲನ್ನು ಫೋನಿನಲ್ಲಿ ಇಡುತ್ತ ಹೋದಳು.

‘ಅತ್ತಿ, ಇಲ್ಲಿ ನೋಡು. ಬಿಳಿಗೆ ಮೊದಲಿಂದ್ಲೂ ಈ ಎಡಗಡಿ ಕೆಳಗಿನ ಮೂಲ್ಯಾಗ ಆಡು, ಇಲ್ಲಿ ಆಡು ಅಂತ ಮಷಿನ್ ಹೇಳಾಕತ್ತೈತಿ. ಮಾಮಗ ಇದು ಕಾಣ್ಸಲಿಲ್ಲೇನು?’

‘ಕಾಣಿಸಿತ್ತು. ಮುಂದ ಹೋಗು.’

ಕೊನೆಯ ಕಲ್ಲಿಟ್ಟು ಅವಳು ಚಪ್ಪಾಳೆ ತಟ್ಟಿದಳು. ‘ಕರಿ ಗೆಲ್ಲೋದು ನೂರಕ್ಕ ತೊಂಬತ್ತೆಂಟು. ಮಾಮ ಏನ್ ಬರೆದಿದ್ರೂ ಅಷ್ಟ. ನೀ ಗೆದ್ದಿ ಅತ್ತಿ!’

ಗೆದ್ದೆ. ಜಗತ್ತಿನ ಅತ್ಯಂತ ಶಾಣ್ಯಾ ಮಷಿನ್ನೇ ಹೇಳುತ್ತಿದೆ. ಈಗ ಯಾರನ್ನು ಕೇಳಲಿ?

ಕವರು ಒಡೆದೆ. ಸರ್ವೇಯರನ ದುಂಡಗಿನ ಅಕ್ಷರ: ‘ಹರಪನಹಳ್ಳಿ. ಕಟ್ಟಕಡೆಯ ಮೂಲೆ.’

ಸುಧಾ ಅದನ್ನೂ ಫೋನಿನಲ್ಲಿ ಇಟ್ಟು ನೋಡಿದಳು. ಕೆಂಪು ಬಣ್ಣ ತೋರಿಸಿತು. ‘ಇಡೀ ಬೋರ್ಡಿನಾಗ ಇದಕ್ಕಿಂತ ಕೆಟ್ಟ ಜಾಗ ಇಲ್ಲಂತ ಅತ್ತಿ. ಸುತ್ತ ನಿನ್ನ ಕಾಳ ಅದಾವು. ಇಷ್ಟು ಚಲೋ ಆಡೋ ಮನುಷ್ಯ ಅಲ್ಲಿಗೆ ಯಾಕ ಬಂದ?’

ನಾನು ಅಡಿಗೆ ಮನೆಗೆ ಹೋಗಿ ಎರಡು ಲೋಟ ಚಹಾ ಮಾಡಿದೆ. ಒಂದನ್ನು ಬೋರ್ಡಿನ ಆ ಕಡೆ ಇಟ್ಟೆ. ಡಬ್ಬಿಯಿಂದ ಒಂದು ಗುಂಡಿ ತೆಗೆದು ಹರಪನಹಳ್ಳಿಯಲ್ಲಿ ಅವನು ಹೇಳಿದ ಜಾಗದಲ್ಲಿ ಕೂಡಿಸಿದೆ.

‘ಈಗ ಇಲ್ಲಿ ಆಡಿದ್ರ ಆಟ ಮುಗೀತು’ ಎಂದು ಸುಧಾ ಕೊಟ್ಟೂರಿನ ಮೇಲೆ ಬೆರಳಿಟ್ಟು ತೋರಿಸಿದಳು.

ನಾನು ಒಂದು ಹುಣಸೆ ಬೀಜ ತೆಗೆದುಕೊಂಡು ಹಡಗಲಿಯ ಕಟ್ಟಕಡೆಯ ಮೂಲೆಯಲ್ಲಿ ಇಟ್ಟೆ. ಫೋನು ಮತ್ತೆ ಕೆಂಪಾಯಿತು.

ಆಗಲಿ. ಈಗ ಸರದಿ ಅವನದು.