ಎಲಿಸ್ಬಾನನ ತಲೆಗೂದಲಿನವರಿಗೆ, ಹೇಳದೆ ಕೇಳದೆ ಹೋದದ್ದರ ಕುರಿತು

ಮಾನ್ಯರೇ,

ಪುಮಾವಾಸಿ ಊರಿನ ಬೇಕರಿಯ ಸೆವೆರೀನೊ ವಾಲ್ಪ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾನು, ನನ್ನ ಕತ್ತೆ, ನನ್ನ ಮಣ್ಣಿನ ಭಟ್ಟಿ ಎಲ್ಲರೂ ಕ್ಷೇಮ. ಅತ್ತ ತಾವೂ ಎಲಿಸ್ಬಾನನ ನೆತ್ತಿಯ ಮೇಲೆ ಸಕುಟುಂಬ ಸಪರಿವಾರ ಕ್ಷೇಮವಾಗಿದ್ದೀರೆಂದು ನಂಬಿ, ತಮ್ಮ ಬೆಳೆಯುವ ಅಮೂಲ್ಯ ವೇಳೆಯಲ್ಲಿ ಸ್ವಲ್ಪವನ್ನು ಕಸಿದುಕೊಳ್ಳುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರಿ, ಒಂದು ದೂರನ್ನು ತಮ್ಮ ಪಾದಗಳಿಗೆ, ಪಾದಗಳಿಲ್ಲವಾದ್ದರಿಂದ ತಮ್ಮ ಬುಡಗಳಿಗೆ, ಸಮರ್ಪಿಸುತ್ತಿದ್ದೇನೆ.

ತಾವು ಹೊರಟುಹೋದ ಸುದ್ದಿಯನ್ನು ನನಗೆ ಮೊದಲು ಹೇಳಿದವಳು ಮಗುವಿನ ತಾಯಿ ಹೊನೊರಾಟಾ. ಹೇಳಿದ್ದು ಆಚೆ ವರ್ಷ, ಸತ್ತವರ ಹಬ್ಬದ ಬೆಳಿಗ್ಗೆ. ಮೂರು ವರ್ಷದ ಎಲಿಸ್ಬಾನನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ, ತಾಯಿ ಮಗ ಇಬ್ಬರೂ ಬೆಟ್ಟ ಇಳಿದು ಲಿಮಾದ ದೊಡ್ಡಾಸ್ಪತ್ರೆ ಸೇರಿ ಕೆಲವು ವಾರಗಳಾಗಿದ್ದವು. ಹಬ್ಬಕ್ಕೆಂದು ಕೂಸಿನ ಆಕಾರದ ಬ್ರೆಡ್ಡುಗಳನ್ನು ಭಟ್ಟಿಯಿಂದ ಹೊರಗೆ ಎಳೆಯುತ್ತಿದ್ದಾಗ ಫೋನು ಬಂತು.

"ಕಂಪಾದ್ರೆ, ಕೂದ್ಲು ಹೋಯ್ತು," ಎಂದಳು. "ಜಡೆ ಹಾಕಿ ಮಲಗ್ಸಿದ್ದೆ. ಎದ್ದು ನೋಡಿದ್ರೆ ಜಡೆ ದಿಂಬಿನ ಮ್ಯಾಲೆ, ಮಗ ಗೋಡೆ ಕಡೆ. ನಿಮ್ಗೆ ಹೆಂಗೆ ಮುಖ ತೋರ್ಸ್ಲಿ ನಾನು?"

"ಕೂದ್ಲು ಬಿಡವ್ವಾ. ಮಗ ಹೆಂಗವ್ನೆ?"

"ಯಾರ್ಗೂ ಕೈ ಕೊಡ್ತಿಲ್ಲ. ಸೂಜಿಯೋರು ಬಂದ್ರೆ ಕಂಬ್ಳಿ ಒಳಗೆ ನುಗ್ತಾನೆ. ಔಷಧಿ ನಿಲ್ಸಂಗಿಲ್ಲ ಅಂತಾರೆ ಡಾಕ್ಟ್ರು."

ಅವಳು ನನ್ನ ಮುಂದೆ ನಾಚಿಕೊಂಡದ್ದೇಕೆಂದು ತಮಗೆ ತಿಳಿಯದ್ದಲ್ಲ. ನಮ್ಮಲ್ಲಿ ಹುಟ್ಟುಗೂದಲಿಗೆ ಮುಡಿ ಹಬ್ಬದ ತನಕ ಕತ್ತರಿ ಮುಟ್ಟಿಸುವುದಿಲ್ಲ. ಆ ದಿನ ಕೂದಲನ್ನು ಸಣ್ಣ ಸಣ್ಣ ಗೊಂಚಲು ಮಾಡಿ, ಒಂದೊಂದಕ್ಕೂ ಬಣ್ಣದ ರಿಬ್ಬನ್ ಕಟ್ಟಿ, ಮೊದಲ ಗೊಂಚಲನ್ನು ಪದ್ರಿನೊ ಕತ್ತರಿಸಬೇಕು. ಕತ್ತರಿಸಿದ ಮೇಲೆ ಅವನು ಆ ಮಗುವಿಗೆ ಎರಡನೆಯ ತಂದೆ, ಹೆತ್ತವರ ಬಾಯಲ್ಲಿ ಕಂಪಾದ್ರೆ. ಆ ವರ್ಷದ ಕ್ರಿಸ್ಮಸ್ಸಿಗೆ ಹಬ್ಬ ನಿಗದಿಯಾಗಿತ್ತು, ಪದ್ರಿನೊ ನಾನಾಗಿದ್ದೆ. ಹೊಸ ಕತ್ತರಿ ಕೊಂಡಿದ್ದೆ, ಮಗುವಿಗೆ ಕೊಡಲೆಂದು ಉಣ್ಣೆ ಬಿಡುವ ಹೆಣ್ಣು ಅಲ್ಪಾಕ ಒಂದನ್ನು ಸಾಕಿದ್ದೆ, ಹಾರ್ಪ್ ನುಡಿಸುವವನಿಗೆ ಮುಂಗಡವಾಗಿ ಎರಡು ಸಲ ಕುಡಿಸಿದ್ದೆ.

ನಾನು ಪದ್ರಿನೊ ಆಗುವುದಕ್ಕೆ ವಿರೋಧವಿದ್ದದ್ದು ಒಬ್ಬರದೇ, ಮಗುವಿನ ಅಜ್ಜಿ ತೊಮಾಸಾ ಅವರದು. ಮಾನ್ಯರೇ, ನನ್ನ ತಲೆ ಬೋಳು. ತಮ್ಮದೇ ದಾಯಾದಿಗಳು ನನಗಿನ್ನೂ ಮೀಸೆ ನೆಟ್ಟಗೆ ಬಲಿಯುವ ಮುಂಚೆಯೇ ಅಲ್ಲಿಂದ ಗುಳೆ ಎದ್ದಿದ್ದರು. "ಮುಡಿ ತೆಗಿಯೋಕೆ ಊರಲ್ಲಿ ಬ್ಯಾರೆ ಗಂಡಸೇ ಸಿಗ್ಲಿಲ್ವಾ ನಿಮ್ಗೆ? ಇವನ ತಲೆ ನೋಡಿದ್ರೆ ಇರೋ ಕೂದ್ಲೂ ಹೆದ್ರಿ ಓಡೋಗ್ತದೆ," ಎಂದು ಅಜ್ಜಿ ಜಗುಲಿಯ ಮೇಲೆ ಕೂತು ಸಾರಿದ್ದರು. ತಾವು ಓಡಿಯೇ ಹೋಗಿ ಆ ಮುದುಕಿಯ ಮಾತನ್ನು ನಿಜ ಮಾಡಿದಿರಿ. ಅಂದಿನಿಂದ ಅವರು ನನ್ನ ಬೇಕರಿಯ ಬ್ರೆಡ್ಡು ಮುಟ್ಟದೆ, ಪಕ್ಕದೂರಿನ ಕಲ್ಲಿನಂಥ ಬ್ರೆಡ್ಡನ್ನು ಹಲ್ಲಿಲ್ಲದ ಬಾಯಲ್ಲಿ ನೆನೆಸಿಕೊಂಡು ತಿಂದರು. ಈ ನಷ್ಟವೂ ತಮ್ಮ ಲೆಕ್ಕಕ್ಕೇ.

ತಮ್ಮ ಧೈರ್ಯವನ್ನು ಇಲ್ಲಿ ಹೊಗಳದೆ ಇರಲಾರೆ. ಆ ಕೆಂಪು ಔಷಧಿ ಬಂದದ್ದು ರಕ್ತದಲ್ಲಿ ಅವಿತು ಕೂತಿದ್ದ ಕಳ್ಳನನ್ನು ಹಿಡಿಯಲು. ಕಳ್ಳನಾದರೋ ಕಾಲು ಚಾಚಿ ಕೂತೇ ಇದ್ದ. ಯಾರೂ ಕರೆಯದ, ಯಾರೂ ಬೆನ್ನಟ್ಟದ ತಾವು ಮಾತ್ರ ಪೊಲೀಸರ ಸೀಟಿ ಕೇಳಿದೊಡನೆ ಕಿಟಕಿಯಿಂದ ಹಾರಿದಿರಿ. ಹುಬ್ಬಿನವರನ್ನೂ ಜೊತೆಗೆ ಕರೆದೊಯ್ದಿರಿ. ಮಗು ಎಲ್ಲೂ ಬೀಳದಿದ್ದರೂ ಅವನ ಮೈಮೇಲೆ ಎದ್ದ ನೀಲಿ ಕಲೆಗಳು ಕೂಡ ತಮಗಿಂತ ಹೆಚ್ಚು ನಿಷ್ಠೆಯಿಂದ ಇದ್ದವು.

ನಾನು ಹಬ್ಬದ ಬ್ರೆಡ್ಡಿನ ಚೀಲ ಹೊತ್ತು ಬಸ್ಸು ಹತ್ತಿದೆ. ಲಿಮಾದ ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನನ್ನು ತಡೆದು, "ಚೀಲ ಹೊರಗೆ, ಕೈ ತೊಳೀರಿ, ಬಾಯಿಗೆ ಇದನ್ನ ಕಟ್ಕೊಳ್ಳಿ, ಟೋಪಿ ತೆಗೀರಿ," ಎಂದು ಒಂದೇ ಉಸಿರಿಗೆ ಹೇಳಿದರು. ಕಿವಿ ಮುಚ್ಚುವ ನನ್ನ ಉಣ್ಣೆ ಟೋಪಿ ತೆಗೆದು ಒಳಗೆ ಹೋದರೆ, ಮಂಚದ ಮೇಲೆ ಕಂಬಳಿಯ ಗುಡ್ಡ. ಗುಡ್ಡದೊಳಗಿಂದ ಸಣ್ಣ ದನಿ ಬಂತು.

"ಪದ್ರಿನೊ, ನಿನ್ ಕೂದ್ಲು ಕಳ್ದೋಯ್ತು. ನಾನ್ ಕಳೀಲಿಲ್ಲ, ಅದೇ ಹೋಯ್ತು."

ಮಾನ್ಯರೇ, ಅಷ್ಟು ದಿನ ಅವನು ಗೋಡೆ ಕಡೆ ತಿರುಗಿ ಮಲಗಿದ್ದು ಸೂಜಿಯ ಹೆದರಿಕೆಗಲ್ಲ. ನನ್ನದೆಂದು ಬೆಳೆಸಿದ್ದನ್ನು ತಾನು ಕಳೆದುಬಿಟ್ಟೆನಲ್ಲ, ಅದಕ್ಕೆ ನಾನು ಬೈಯುತ್ತೇನೆ ಎಂದು. ತಾವು ಎಲ್ಲಿದ್ದಿರಿ ಆಗ? ದಿಂಬಿನ ಮೇಲಿಂದ ಕಸದ ಬುಟ್ಟಿಗೆ ಪ್ರಯಾಣದಲ್ಲಿದ್ದಿರಿ. ಹೊನೊರಾಟಾ ಜಡೆಯನ್ನು ಮಾತ್ರ ಕರವಸ್ತ್ರದಲ್ಲಿ ಸುತ್ತಿ ಎದೆಗೆ ಸಿಕ್ಕಿಸಿಕೊಂಡಿದ್ದಳು.

"ನಿನ್ನ ಯಾರು ಬೈತಾರೋ? ತಲೆ ಹೊರಗೆ ಹಾಕು," ಎಂದೆ. ಹಾಕಿದ. ನನ್ನನ್ನು ನೋಡಿದ; ಟೋಪಿಯಿಲ್ಲದ ನನ್ನನ್ನು ಅವನು ಮೊದಲ ಸಲ ನೋಡಿದ್ದು ಅಂದೇ. ನನ್ನ ತಲೆಯ ಮೇಲೆ ಕಿಟಕಿಯ ಬೆಳಕು ಬಿದ್ದು ಚೆನ್ನಾಗಿ ಹೊಳೆಯುತ್ತಿದ್ದಿರಬೇಕು.

"ನಿಂಗೂ ಹಾಕಿದ್ರಾ ಕೆಂಪು ಔಷಧಿ?"

ನರ್ಸಮ್ಮ ಸೂಜಿ ಹಿಡಿದು ನಿಂತಿದ್ದರು. ಹೊನೊರಾಟಾ ನನ್ನನ್ನೇ ನೋಡುತ್ತಿದ್ದಳು.

"ಹೂಂ," ಎಂದೆ.

"ನೋವಾಯ್ತಾ?"

"ಒಂಚೂರು."

"ಆಮೇಲೆ?"

"ಆಮೇಲೇನು? ನೋಡು, ಗುಂಡುಕಲ್ಲಿನಂಗೆ ನಿಂತಿಲ್ವಾ? ದಿನಾ ಬ್ರೆಡ್ಡು ಬೇಯಿಸ್ತೀನಿ."

ಅವನು ಕಂಬಳಿಯೊಳಗಿಂದ ಕೈ ತೆಗೆದು ನರ್ಸಮ್ಮನ ಕಡೆ ಚಾಚಿದ. ಮತ್ತೆಂದೂ ಆ ಕೈಯನ್ನು ಒಳಗೆ ಎಳೆದುಕೊಳ್ಳಲಿಲ್ಲವಂತೆ. ಜ್ವರ ಏರಿದಾಗಲೂ, ಬಾಯೆಲ್ಲ ಹುಣ್ಣಾಗಿ ನೀರು ಇಳಿಯದಿದ್ದಾಗಲೂ, "ಪದ್ರಿನೊಗೂ ಹಿಂಗೇ ಆಗಿತ್ತಾ?" ಎಂದು ಫೋನಿನಲ್ಲಿ ಕೇಳಿಸುತ್ತಿದ್ದ, ನಾನು ಇಲ್ಲಿ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು, "ಹಿಂಗೇ, ಹಿಂಗೇ, ನಂಗಿನ್ನೂ ಜೋರಾಗಿತ್ತು," ಎಂದು ಬಾರದ ಕಾಯಿಲೆಯ ವರ್ಣನೆಯನ್ನು ಹಾಡುತ್ತಿದ್ದೆ. ತಾವು ತಮ್ಮ ಜಾಗದಲ್ಲಿ ಇದ್ದಿದ್ದರೆ ನನಗೆ ಈ ಸುಳ್ಳಿನ ವ್ಯಾಪಾರ ಏಕೆ ಬೇಕಿತ್ತು?

ಮರುವರ್ಷ ಆಲೂಗಡ್ಡೆ ನೆಡುವ ಕಾಲಕ್ಕೆ ಡಾಕ್ಟರು, ರಕ್ತದಲ್ಲಿ ಕೆಟ್ಟದ್ದೇನೂ ಕಾಣುತ್ತಿಲ್ಲ, ಊರಿಗೆ ಹೋಗಿ, ಆದರೆ ದಿನವೂ ಗುಳಿಗೆ ತಪ್ಪಿಸಬೇಡಿ, ಪರೀಕ್ಷೆಗೆ ಬನ್ನಿ ಎಂದರು. ಅವನು ಬಂದ. ಅವನ ಹಿಂದೆಯೇ, ಮಾನ್ಯರೇ, ಏನೂ ಆಗಿಲ್ಲವೆಂಬ ಮುಖ ಮಾಡಿಕೊಂಡು ತಾವೂ ಬಂದಿರಿ. ಅದೂ ಹೇಗೆ? ಹೋಗುವಾಗ ಹಾರ್ಪಿನ ತಂತಿಯ ಹಾಗೆ ನೆಟ್ಟಗಿದ್ದವರು ಬರುವಾಗ ಕುರಿಮರಿಯ ಹಾಗೆ ಗುಂಗುರಾಗಿ ವೇಷ ಮರೆಸಿಕೊಂಡು! ತೊಮಾಸಾ ಅಜ್ಜಿ ಮೊಮ್ಮಗನ ತಲೆಯನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿ, "ಇದು ನಮ್ಮ ವಂಶದ್ದಲ್ಲ. ಲಿಮಾದಾಗೆ ಯಾರ್ದೋ ಬದಲಾಗಿ ಬಂದೈತೆ. ವಾಪಸ್ ಕೊಟ್ಟು ನಮ್ದು ಇಸ್ಕೊಂಡು ಬಾ," ಎಂದು ತಮ್ಮ ಮಗ, ಎಲಿಸ್ಬಾನನ ಅಪ್ಪ ಫೌಸ್ಟಿನೊನನ್ನು ಬಸ್ಸಿಗೆ ಹತ್ತಿಸಲು ಹೊರಟಿದ್ದರು. ಆದರೂ ಅಂದಿನಿಂದ ನನ್ನ ಬ್ರೆಡ್ಡು ಕೊಳ್ಳತೊಡಗಿದರು. ಇದೊಂದಕ್ಕೆ ಧನ್ಯವಾದ.

ಈಗ ನನ್ನ ದೂರಿನ ತಿರುಳಿಗೆ ಬರುತ್ತೇನೆ. ತಾವು ಬೆರಳಿಗೆ ಸುತ್ತುವಷ್ಟು ಉದ್ದವಾದಾಗ ಮನೆಯವರು ಮತ್ತೆ ಮುಡಿ ಹಬ್ಬದ ಮಾತೆತ್ತಿದರು. ಮಗು ಬೇಡವೆಂದಿತು. "ಪದ್ರಿನೊದು ಇನ್ನೂ ಬಂದಿಲ್ಲ. ಅವಂದೂ ಬರ್ಲಿ, ಇಬ್ರಿಗೂ ಒಟ್ಟಿಗೇ ಮಾಡಾಣ." ನಾನು ಹೇಳಿದ ಸುಳ್ಳು ಎರಡು ವರ್ಷ ಕಾದಿದ್ದು ನನ್ನ ಕುತ್ತಿಗೆಗೇ ಬಂತು. ದಿನವೂ ಬೆಳಿಗ್ಗೆ ಬೇಕರಿಗೆ ಬಂದು, ಹಿಟ್ಟಿನ ಮೂಟೆ ಹತ್ತಿ, ನನ್ನ ಟೋಪಿ ಎತ್ತಿ, ಡಾಕ್ಟರ ಗಾಂಭೀರ್ಯದಿಂದ ತಪಾಸಣೆ ಮಾಡತೊಡಗಿದ. ಒಂದು ದಿನ ನಾನು ಟೋಪಿಯಿಲ್ಲದೆ ಹಿಟ್ಟು ಜರಡಿ ಹಿಡಿಯುತ್ತಿದ್ದೆ. "ಬಂತು! ಬಿಳೀದು ಬಂತು!" ಎಂದು ಕುಣಿದು ನನ್ನ ತಲೆ ಸವರಿದ. ಹಿಟ್ಟೆಲ್ಲ ಅವನ ಅಂಗೈಗೆ ಬಂತು. ಅವನು ಆ ಕೈಯನ್ನು ನೋಡುತ್ತಾ ನಿಂತುಬಿಟ್ಟ. ಕೈಗೆ ಕಿತ್ತು ಬರುವ ಕೂದಲಿನ ಅರ್ಥ ನಮ್ಮೂರಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಮೂಟೆಯಿಂದ ಇಳಿದು ಮನೆಗೆ ಓಡಿದ.

ಮರುದಿನ, ಅಂದರೆ ಮೊನ್ನೆ, ಬ್ರೆಡ್ಡಿಗೆ ಜನ ಸಾಲು ನಿಂತಿದ್ದಾಗ ಬಂದು ನನ್ನ ಕೈಯಲ್ಲಿ ಏನೋ ಇಟ್ಟು ಬೆರಳು ಮಡಚಿದ. ಗುಳಿಗೆ. ಅವನ ಆ ದಿನದ ಗುಳಿಗೆ.

"ನುಂಗು. ಅಮ್ಮಂಗೆ ಹೇಳ್ಬ್ಯಾಡ. ನಾಳೆದೂ ತಂದ್ಕೊಡ್ತೀನಿ."

ಸಾಲಿನಲ್ಲಿದ್ದ ಜನರೆಲ್ಲರ ಮುಂದೆ ಮಂಡಿಯೂರಿ ಕೂತೆ.

"ಎಲೀ, ನಾನು ಸುಳ್ಳು ಹೇಳ್ದೆ ಕಣೋ. ನಂಗೆ ಕೆಂಪು ಔಷಧಿ ಹಾಕ್ಲಿಲ್ಲ. ಕಾಯಿಲೆನೇ ಇರ್ಲಿಲ್ಲ."

"ಮತ್ತೆ ಕೂದ್ಲು?"

"ಹಂಗೇ ಹೋಯ್ತು."

"ಔಷಧಿ ಹಾಕ್ದೇನೇ?"

"ಹಾಕ್ದೇನೇ."

"ಸುಮ್‌ಸುಮ್ನೆ?"

"ಸುಮ್‌ಸುಮ್ನೆ."

ಸಿಟ್ಟಾಗುತ್ತಾನೆಂದುಕೊಂಡೆ. ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಇಡೀ ಆಸ್ಪತ್ರೆಯಲ್ಲಿ ಇಷ್ಟು ದುರದೃಷ್ಟದ ಪ್ರಾಣಿಯನ್ನು ಕಂಡಿಲ್ಲವೆಂಬಂತೆ, "ಪಾಪ, ಪದ್ರಿನೊ," ಎಂದ. ಗುಳಿಗೆಯನ್ನು ವಾಪಸ್ ಇಸಿದುಕೊಂಡು ನೀರು ಕೇಳಿ ನುಂಗಿದ. ಆಮೇಲೆ ಸಾಲಿನವರಿಗೆಲ್ಲ ಕೇಳುವಂತೆ, "ಭಾನುವಾರ ನಂದು ಕತ್ತರ್ಸು. ನಿಂಗೆ ಅಂಟಿಸ್ತೀನಿ. ಹಿಟ್ಟು ಕಲ್ಸಿಡು," ಎಂದು ಅಪ್ಪಣೆ ಮಾಡಿ ಹೋದ. ಸಾಲಿನಲ್ಲಿದ್ದ ತೊಮಾಸಾ ಅಜ್ಜಿ ಸೆರಗಿನಂಥ ತಮ್ಮ ಹೊದಿಕೆಯ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು. ನಕ್ಕರೋ ಅತ್ತರೋ ಹೇಳಲಾರೆ.

ಆದಕಾರಣ ಮಾನ್ಯರಲ್ಲಿ ನನ್ನ ಪ್ರಾರ್ಥನೆ ಇಷ್ಟು: ಭಾನುವಾರದ ತನಕ ತಾವು ಒಬ್ಬರೂ ರಜೆ ಹಾಕದೆ ಹಾಜರಿರಬೇಕು. ಅಂದು ನನ್ನ ಕತ್ತರಿಗೆ ಸಭ್ಯವಾಗಿ ತಲೆಬಾಗಬೇಕು. ಆಮೇಲೆ ಮತ್ತೆ ಬರಬೇಕು, ಮತ್ತೆ ಮತ್ತೆ ಬರಬೇಕು. ಮದುವೆಯ ದಿನ ಎಣ್ಣೆ ಹಚ್ಚಿಸಿಕೊಂಡು ಮೆರೆಯಬೇಕು, ಮಕ್ಕಳ ಕೈಗೆ ಸಿಕ್ಕಿ ಜಗ್ಗಿಸಿಕೊಳ್ಳಬೇಕು. ಔಷಧಿಗೆ ಹೆದರಿ ಆ ತಲೆಯಿಂದ ಹೊರಡುವ ಕೆಲಸ ಇನ್ನು ಯಾವ ಕಾಲಕ್ಕೂ ಕೂಡದು. ಎಲ್ಲ ಮುಗಿದು, ಎಲಿಸ್ಬಾನ್ ಮುದುಕನಾಗಿ ಬಿಸಿಲಿಗೆ ಕೂತು ತೂಕಡಿಸುವ ಕಾಲಕ್ಕೆ ತಮಗೆ ಹೋಗಲೇಬೇಕೆನಿಸಿದರೆ, ಆಗ ಹೋಗಿ. ನನ್ನ ಅಭ್ಯಂತರವಿಲ್ಲ. ನನ್ನವು ಹೋದ ಹಾಗೆ, ಯಾವ ಕಾರಣವೂ ಇಲ್ಲದೆ, ಸುಮ್‌ಸುಮ್ನೆ ಹೋಗಿ.

ತಮ್ಮ ವಿಶ್ವಾಸಿ,
ಸೆವೆರೀನೊ ವಾಲ್ಪ
ಬೇಕರಿಯವನು, ಭಾನುವಾರದಿಂದ ಎರಡನೆಯ ತಂದೆ

ತಾ.ಕ.: ಮಗುವಿನ ಅಪ್ಪಣೆ ಕೇಳಿಸಿಕೊಂಡ ಸಾಲಿನವರು ಮರುದಿನ ಬೆಳಿಗ್ಗೆ, ಎಂದರೆ ನಿನ್ನೆ, ನಾನು ಬಾಗಿಲು ತೆರೆಯುವ ಮೊದಲೇ ಬಂದುಹೋಗಿದ್ದರು. ಹೊಸ್ತಿಲ ಮೇಲೆ ಕರಿ ಅಲ್ಪಾಕದ ಉಣ್ಣೆಯ ಉಂಡೆ, ಯಾರದೋ ಹೋತದ ಗಡ್ಡ, ಮುಸುಕಿನ ಜೋಳದ ತೆನೆಯ ಹೊಂಬಣ್ಣದ ಕೂದಲು ಒಂದು ಹಿಡಿ, ಮತ್ತು ತೊಮಾಸಾ ಅಜ್ಜಿಯ ಬಾಚಣಿಗೆಯಿಂದ ಬಂದ ಬಿಳಿ ಸುರುಳಿ. ನನ್ನ ನೆತ್ತಿಯಲ್ಲಿ ಜಾಗ ಬಹಳ ವರ್ಷದಿಂದ ಖಾಲಿ ಇದ್ದರೂ ತಮ್ಮ ಕುಲದವರು ಯಾರೂ ಅರ್ಜಿ ಹಾಕಲಿಲ್ಲ. ಈಗ ಹಾಕಿದರೂ ಪ್ರಯೋಜನವಿಲ್ಲ, ಹೋತದ ಗಡ್ಡವನ್ನು ನೇಮಿಸಿಕೊಂಡಾಗಿದೆ.