ಮುನ್ನೂರು ಗ್ರೇನಿನ ಮೊನೆ

ಈ ಸಲ ಜಿಂಕೆಗಳಿಗೆ ಉಳಿಗಾಲವಿಲ್ಲ! ಸೆಪ್ಟೆಂಬರ್ ಕೊನೆಯ ವಾರ ಅಡುಗೆಮನೆಯ ನಟ್ಟನಡುವೆ ನಿಂತು, ಮರದ ಬಿಲ್ಲನ್ನು ಎತ್ತಿ ಹಿಡಿದು ನಾನು ಹೀಗೆ ಘೋಷಿಸಿದೆ. ಬಿಲ್ಲಿನ ತುದಿ ತಾಗಿ ಮೇಲಿನ ದೀಪ ತೂಗಾಡಿತು. ನನ್ನ ಹೆಂಡತಿ ಹಿಲ್ಮಾ ಮಾತ್ರ ಪೈ ಹಿಟ್ಟು ಲಟ್ಟಿಸುವುದನ್ನು ನಿಲ್ಲಿಸಲಿಲ್ಲ.

"ಹೋದ ವರ್ಷ ಉಳಿಗಾಲ ಇಲ್ಲದೆ ಹೋಗಿದ್ದು ಒಂದು ಬರ್ಚ್ ಮರಕ್ಕೆ," ಎಂದಳು. "ಅಪ್ಪನ ನಿಯಮ ನೆನಪಿದೆ ತಾನೆ, ಆರ್ವಿಡ್?"

ನೆನಪಿಲ್ಲದೆ ಏನು! ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಪೈ ತಟ್ಟೆ. ಅದಕ್ಕೆ ಸಾಲಾಗಿ ಮೂರು ಬಾಣ ನೆಟ್ಟವರು ಕಾಡಿಗೆ ಹೋಗಬಹುದು. ನೆಡಲಾರದವರು ಪ್ರಾಣಿಯನ್ನು ಗಾಯಗೊಳಿಸಿ ನರಳಿಸದೆ ಮನೆಯಲ್ಲಿ ಬಿದ್ದಿರಬೇಕು. ಮಾವ ತೀರಿಕೊಂಡರೂ ನಿಯಮ ಗಟ್ಟಿಯಾಗಿ ಬದುಕಿತ್ತು.

"ಶುಕ್ರವಾರ ಮಧ್ಯಾಹ್ನದೊಳಗೆ ಮೂರು ನೆಟ್ಟರೆ ಬೇಟೆ ಬಿಡಾರ. ಇಲ್ಲದಿದ್ರೆ ಶನಿವಾರ ಲೆಂಪಿ ಮನೆ!" ಎಂದಳು ಹಿಲ್ಮಾ.

ಲೆಂಪಿ ಹಿಲ್ಮಾಳ ಅಕ್ಕ. ಫ್ಲೋರಿಡಾಕ್ಕೆ ಹೋಗಿ ನಾನೂರು ಫೋಟೋ ಹೊತ್ತು ತಂದಿದ್ದಾಳೆ. ಒಂದೊಂದು ಫೋಟೋಗೂ ಒಂದೊಂದು ಕಥೆ! ನೆನೆದರೇ ನನಗೆ ಬೆವರು ಕಿತ್ತುಕೊಂಡು ಬರುತ್ತದೆ.

ಓಡಿಹೋಗಿ ಗೆಳೆಯ ಮೆಲ್ವಿನ್‌ನ ಸಲಹೆ ಕೇಳಿದೆ. ಅವನು ನನ್ನ ಬಾಣದ ಮೊನೆಯನ್ನು ಚಿವುಟಿ ನೋಡಿ ನಕ್ಕ.

"ತೂಕ ಬರೀ ನೂರಿಪ್ಪತ್ತೈದು ಗ್ರೇನು! ಇದೇನು ಬಾಣವೋ ಸೊಳ್ಳೆಯೋ ಮಾರಾಯ? ಮುಂದೆ ಭಾರ ಹಾಕು. ರೈಲಿನ ಹಾಗೆ ನೇರ ಹೋಗ್ತದೆ!"

ಜ್ಞಾನೋದಯವಾಯಿತು! ಹಗುರ ಮೊನೆಗಳನ್ನೆಲ್ಲ ಬಿಚ್ಚಿ ಹಿಲ್ಮಾಳ ಮುಂದೆ ಸುರಿದೆ. "ಗಂಡಸರ ಕೆಲಸಕ್ಕೆ ಇವು ಸಾಲವು. ನೀನೇ ಏನಾದ್ರೂ ಮಾಡ್ಕೋ!"

"ಸರಿ," ಎಂದು ಬಾಚಿಕೊಂಡಳು.

ಮಂಗಳವಾರ ಇನ್ನೂರು ಗ್ರೇನಿನ ಮೊನೆ ತಿರುಗಿಸಿ ಕೂರಿಸಿ, ಗುರಿ ಅಭ್ಯಾಸಕ್ಕೆಂದು ಹಿತ್ತಲಲ್ಲಿ ನಿಲ್ಲಿಸಿದ್ದ ಸ್ಪಂಜಿನ ಜಿಂಕೆಯ ಎದೆಗೆ ತಟ್ಟೆ ಕಟ್ಟಿ ಬಾಣ ಬಿಟ್ಟೆ. ಅದು ಜಿಂಕೆಯ ಬಲಕ್ಕೆ ಸರಿದು, ಒಣಹಾಕಿದ್ದ ನನ್ನ ಉಣ್ಣೆಯ ಒಳಚಡ್ಡಿಯನ್ನು ಆಯಕಟ್ಟಿನ ಜಾಗದಲ್ಲೇ ತೂರಿಕೊಂಡು ಹೋಯಿತು!

"ಗಾಳಿ!" ಎಂದೆ.

"ಎಲೆ ಅಲ್ಲಾಡ್ತಿಲ್ಲ," ಎಂದಿತು ಅಡುಗೆಮನೆಯ ಕಿಟಕಿ.

ಭಾರ ಸಾಲದು! ಬುಧವಾರ ಇನ್ನೂರೈವತ್ತು. ಬಾಣ ಇನ್ನೂ ಬಲಕ್ಕೆ ಹೋಗಿ, ತಗ್ಗಿ, ಹಿಲ್ಮಾ ಮಗುವಿನಂತೆ ಸಾಕಿದ್ದ ಕುಂಬಳಕಾಯಿಯ ಹೊಟ್ಟೆ ಸೀಳಿತು. ಅಂದು ಊಟಕ್ಕೆ ಕುಂಬಳದ ಸೂಪು. ಮರುದಿನವೂ ಅದೇ. ಎರಡು ಸಲವೂ ತಟ್ಟೆ ಬಳಿದು ಉಂಡೆ.

ಶುಕ್ರವಾರ ಬಂತು. ಬ್ರಹ್ಮಾಸ್ತ್ರ ತೆಗೆದೆ: ಮುನ್ನೂರು ಗ್ರೇನು! ಉಸಿರು ಬಿಗಿಹಿಡಿದೆ, ಹೆದೆಯನ್ನು ಕೆನ್ನೆಗೆ ಎಳೆದೆ, ಬಿಟ್ಟೆ. ಜಿಂಕೆ ನಗುತ್ತಲೇ ನಿಂತಿತ್ತು. ಬಾಣ ಚಡ್ಡಿಯನ್ನೂ ಕುಂಬಳದ ಪಾತಿಯನ್ನೂ ದಾಟಿ, ಬಲತುದಿಯಲ್ಲಿದ್ದ ನಮ್ಮ ಉಗಿಸ್ನಾನದ ಮನೆ ಸೌನಾದ ಬಾಗಿಲಿಗೆ ಧಡಾರನೆ ನೆಟ್ಟಿತು!

ಒಳಗಿನಿಂದ ಉಗಿಯೊಂದಿಗೆ ಹೊರಬಿದ್ದವನು ಮೆಲ್ವಿನ್. ತನ್ನ ಸೌನಾದ ಒಲೆ ಕೆಟ್ಟಿತೆಂದು ಹೇಳದೆ ಕೇಳದೆ ನಮ್ಮದರಲ್ಲಿ ಬೇಯುತ್ತಿದ್ದ. ಮೈಮೇಲಿದ್ದದ್ದು ಉಗಿಯಲ್ಲಿ ಮೈಗೆ ಬಡಿದುಕೊಳ್ಳುವ ಒಂದು ಬರ್ಚ್ ಸೊಪ್ಪಿನ ಕಟ್ಟು ಮಾತ್ರ.

"ಕೊಲೆಗಾರ! ಯಾವನೋ ನಿನಗೆ ಭಾರದ ಮೊನೆ ಹೇಳಿಕೊಟ್ಟೋನು?"

"ನೀನೇ!"

ಅಷ್ಟರಲ್ಲಿ ಹಿಲ್ಮಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಮೆಲ್ವಿನ್, ಆ ಸೊಪ್ಪು ಸರಿಯಾಗಿ ಹಿಡ್ಕೋ. ಆರ್ವಿಡ್, ಇಲ್ಲಿ ಕೇಳು. ನಾಲ್ಕು ದಿನದಿಂದ ಕಿಟಕಿಯಿಂದ ನೋಡ್ತಿದ್ದೀನಿ. ಮೊನೆ ಭಾರ ಆದಷ್ಟೂ ಬಾಣ ಬಲಕ್ಕೆ ಹೋಗ್ತಿದೆ. ನಿನ್ನ ಬಾಣದ ಕಡ್ಡಿ ತೆಳ್ಳಗೆ. ಮುಂದೆ ಭಾರ ಕೂತರೆ ಬಿಟ್ಟ ಕೂಡ್ಲೆ ಬಳುಕಿಬಿಡ್ತದೆ. ಅಷ್ಟು ತೂಕ ಬೇಕಿದ್ರೆ ಕಡ್ಡಿಯೂ ಗಟ್ಟಿ ಬೇಕು ಅಂತ ಅಪ್ಪ ಹೇಳ್ತಿದ್ರು."

"ಮೊದಲೇ ಯಾಕೆ ಹೇಳಲಿಲ್ಲ?"

"ಗಂಡಸರ ಕೆಲಸ ಅಂದ್ಯಲ್ಲ!"

ಏಪ್ರನ್ನಿನ ಜೇಬಿನಿಂದ ಮೂರು ಹಗುರ ಮೊನೆ ತೆಗೆದಳು. ಅವಕ್ಕೆ ಹಿಟ್ಟು ಅಂಟಿತ್ತು. ಪೈಯ ತಳ ಬೇಯುವಾಗ ಉಬ್ಬದಿರಲೆಂದು ಅವನ್ನೇ ಮೇಲೆ ಹರಡುತ್ತಿದ್ದಳಂತೆ! ಮೊನೆ ತಿರುಗಿಸಿದಳು, ನನ್ನದೇ ಬಿಲ್ಲು ಕಸಿದುಕೊಂಡಳು. ಠಣ್! ಠಣ್! ಠಣ್! ಮೂರೂ ತಟ್ಟೆಯಲ್ಲಿ. ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು.

"ಹಾಗಾದ್ರೆ ನಾಳೆ ನಾವು ಕಾಡಿಗೆ..." ಎಂದು ಹಲ್ಲು ಕಿರಿದೆ.

"ನಾವಲ್ಲ. ತಟ್ಟೆಗೆ ನೆಟ್ಟವರು. ನೀನು ಲೆಂಪಿ ಮನೆಗೆ ಹೋಗ್ತಾ ಈ ಸೇಬಿನ ಪೈ ತಗೊಂಡು ಹೋಗು."

ಶನಿವಾರ ಹಿಲ್ಮಾ ಬೇಟೆಗೆ ಹೊರಟಳು. ನಾನು ಲೆಂಪಿಯ ಸೋಫಾದಲ್ಲಿ ಕುಳಿತೆ. ನೂರಾ ಇಪ್ಪತ್ತೈದನೆಯ ಫೋಟೋದಲ್ಲಿ ಲೆಂಪಿ ಮೊಸಳೆಯೊಂದನ್ನು ದಿಟ್ಟಿಸುತ್ತಿದ್ದಳು. ದುಃಖ ನುಂಗಲು ಪೈಯನ್ನು ಬಾಯಿತುಂಬ ಕಚ್ಚಿದೆ.

ಕಟಕ್!

ಹೊರಗೆ ತೆಗೆದು ನೋಡಿದೆ. ಹಿಲ್ಮಾ ಪೈಯಿಂದ ತೆಗೆಯಲು ಮರೆತಿದ್ದ ಒಂದು ಹಗುರ ಮೊನೆ. ಕೂದಲೆಳೆಯಷ್ಟೂ ಬಲಕ್ಕೆ ಸರಿಯದೆ ನೆಟ್ಟಗೆ ಬಂದು ನನ್ನ ಹಲ್ಲನ್ನೇ ಉರುಳಿಸಿತ್ತು!