ಮಧ್ಯೆ ಮಧ್ಯೆ ಸುಮ್ಮನಾಗುವ ಪಿಯಾನೊ

ಡಯಾಲಿಸಿಸ್ ವಾರ್ಡಿನಲ್ಲಿ ನಗೋಕೆ ಏನಿರುತ್ತೆ ಅಂತ ಕೇಳ್ತಾರೆ. ಕೈಗೆ ಸೂಜಿ ಚುಚ್ಚಿಸಿಕೊಂಡು ಗಂಟೆಗಟ್ಟಲೆ ಅಲ್ಲಾಡದೆ ಮಲಗಿ ನೋಡಿ, ಏನಾದರೊಂದು ಆಗ್ತಾನೇ ಇರುತ್ತೆ.

ಯಾವ ಬೆಡ್?

ಪೀಣ್ಯದ ಫ್ಯಾಕ್ಟರಿಯಲ್ಲಿ ಪ್ರೆಸ್ ಮಷೀನುಗಳ ಗದ್ದಲದ ಪಕ್ಕ ಕೂತೇ ನನ್ನ ಅರ್ಧ ಆಯಸ್ಸು ಕಳೆದಿದೆ. ಬ್ರೂಕ್‌ಫೀಲ್ಡ್‌ನಲ್ಲಿರೋ ನನ್ನ ತಂಗಿ, ಈಗಿನ ಕಾಲದ ಒಬ್ಬ ಫ್ರೆಂಚ್ ಸಂಗೀತಗಾರನ ಪಿಯಾನೊ ನನ್ನ ಫೋನಿಗೆ ಹಾಕಿಕೊಟ್ಟಳು. ನಾಲ್ಕು ಸ್ವರ ನುಡಿಸ್ತಾನೆ, ಸುಮ್ಮನಾಗ್ತಾನೆ, ಮತ್ತೆ ಒಂದೇ ಒಂದು ಸ್ವರ. ಆ ಸುಮ್ಮನಿರೋದೇ ನನಗೆ ಹಿಡಿಸಿತು.

ಒಂದಿನ ಇಯರ್‌ಫೋನ್ ಮರೆತು, ಫೋನನ್ನು ದಿಂಬಿನಡಿ ಇಟ್ಟುಕೊಂಡು ನಿದ್ದೆ ಹೋಗಿದ್ದೆ. ಎಚ್ಚರವಾದಾಗ ನರ್ಸ್ ಬೆಡ್ಡಿಂದ ಬೆಡ್ಡಿಗೆ ಓಡ್ತಿದ್ದಾಳೆ. "ಯಾವ ಮಷೀನ್ ಅಲಾರಂ ಇದು?"

ನಾನು ಫೋನ್ ತೆಗೆದು ತೋರಿಸಿದೆ.

"ಇದು ಹಾಡಾ ಮೇಡಂ? ಯಾರೋ ಹೋಗೇಬಿಟ್ರು ಅಂದ್ಕೊಂಡೆ!"

ಒಂಟಿ ಮನುಷ್ಯ

ಪಕ್ಕದ ಬೆಡ್ಡಿನವರು ಗದಗದ ಕಡೆಯವರು, ಕಟ್ಟಡದ ಕೆಲಸಕ್ಕೆ ಬಂದಿದ್ದವರು. ತಾವೂ ಕೇಳ್ತೀನಿ ಅಂದರು. ನರ್ಸ್ ಫೋನನ್ನು ಇಬ್ಬರ ನಡುವಿನ ಸ್ಟೂಲಿನ ಮೇಲಿಟ್ಟಳು.

ಬಹಳ ಹೊತ್ತು ಕೇಳಿ, "ಅಕ್ಕಾರ, ಹಾಡಾವ ಯಾವಾಗ ಬರ್ತಾನ್ರಿ?" ಅಂದರು.

"ಹಾಡೋರಿಲ್ಲ. ಒಬ್ಬರೇ ಪಿಯಾನೊ ಬಾರಿಸೋದು."

"ತಬಲಾನೂ ಇಲ್ಲೇನ್ರಿ?"

"ಇಲ್ಲ."

"ಪಾಪ, ಮಂದಿಯೆಲ್ಲ ಬಿಟ್ಟು ಹೋಗ್ಯಾರ ಕಾಣ್ತದ."

ಆಮೇಲೆ ಪ್ರತಿ ಸಲವೂ, "ಆ ಒಂಟಿ ಮನುಷ್ಯಾನ್ನ ಹಚ್ರಿ ಅಕ್ಕಾರ" ಅನ್ನೋರು.

ಭಜನೆ

ಒಂದು ಸೋಮವಾರ ಆ ಬೆಡ್ಡಿನಲ್ಲಿ ಬೇರೆಯವರಿದ್ದರು. 

ಕೆಲವು ದಿನಕ್ಕೆ ಆ ಗದಗದವರ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದರು. "ದಿವಸದ ಕಾರ್ಯ ಐತ್ರಿ. ಅವರಿಗೆ ಸೇರತಿದ್ದ ಹಾಡು ನಮ್ಮನ್ಯಾಗ ಹಚ್ರಿ."

ಹೋದೆ. ಬಾಡಿಗೆಯ ಒಂದೇ ಕೋಣೆ. ಗೋಡೆಗೆ ಒರಗಿಸಿದ ಫೋಟೊ, ಅದರೆದುರು ಅವರೂರಿನ ಭಜನೆಯವರು. ಪಿಯಾನೊ ಹಾಕಿದೆ. ನಾಲ್ಕು ಸ್ವರ ಬಂತು, ನಿಂತಿತು. ಮುಗೀತು ಅಂದುಕೊಂಡ ಭಜನೆಯವರು ತಾಳ ತಟ್ಟಿ ಶುರು ಮಾಡಿದರು. ಟಣ್ ಅಂತು ಪಿಯಾನೊ. ಅವರು ಗಪ್ಪಾದರು. ಇದೂ ಗಪ್ಪಾಯಿತು. ಮತ್ತೆ ತಾಳ ಎತ್ತಿದರು. ಮತ್ತೆ ಟಣ್. ಹಾರ್ಮೋನಿಯಂ ಹಿಡಿದ ಹಿರಿಯರು ನನ್ನ ಕಡೆ ಕೈಮುಗಿದು, "ಮೊದಲು ಅವರದು ಮುಗೀಲಿ ತಾಯಿ" ಅಂದರು.

ಮೂಲೆಯಲ್ಲಿ ಕೂತಿದ್ದ ಹೆಂಡತಿಯ ಭುಜ ಅಲುಗುತ್ತಿತ್ತು. ಅಳ್ತಿದ್ದಾರೆ ಅಂತ ಹತ್ತಿರ ಹೋದೆ. ಸೆರಗು ಬಾಯಿಗೆ ತುರುಕಿಕೊಂಡು ನಗ್ತಿದ್ದರು.

"ಇವರೂ ಹಿಂಗ ಇದ್ದರ್ರೀ ಅಕ್ಕಾರ. ಮಾತು ಮುಗೀತು ಅಂತ ನಾ ಬಾಯಿ ತೆಗದ್ರ ಸಾಕು, ಅವಾಗ ಚಾಲೂ ಆಗೋರು."